ಕಾದಿಟ್ಟ ತುತ್ತು

ಬಾರ್ಲಿ ಚಹಾಕ್ಕೆ ಮಂಜುಗಡ್ಡೆ ಹುಡುಕುತ್ತ ತೋಮಿ ಫ್ರೀಜರಿನ ಬಾಗಿಲು ಎಳೆದಳು. ಮಂಜುಗಡ್ಡೆ ಇರಲಿಲ್ಲ. ಪುಟ್ಟ ಪುಟ್ಟ ಪ್ಲಾಸ್ಟಿಕ್ ಚೀಲಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಒಂದು ಹಿಡಿ ಊಟ, ಮೇಲೆ ಕಿನುಯೊಳ ದಪ್ಪ ಅಕ್ಷರದಲ್ಲಿ ಬರೆದ ತಾರೀಖು.

ಹುಚ್ಚಿ, ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಈ ಚಾಳಿ ಬಿಡಲಿಲ್ಲವಲ್ಲೇ ಎಂದು ಮನಸ್ಸಿನಲ್ಲೇ ಬೈದಳು. ಬೈದದ್ದು ಸಮಾಧಾನದಿಂದ. ಬೆಳಿಗ್ಗೆ ಹೆಣವನ್ನು ಪೆಟ್ಟಿಗೆಗೆ ಇಳಿಸಿದವರು ಏನೂ ಭಾರವಿಲ್ಲ ಎಂದು ತಮ್ಮತಮ್ಮಲ್ಲೇ ಆಡಿಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು. ಶಾಲೆಯ ಮಕ್ಕಳೆಲ್ಲ ದುಂಡಜ್ಜಿ ಎಂದು ಕರೆಯುತ್ತಿದ್ದ ಕಿನುಯೊ! ಡಾಕ್ಟರು ವಯಸ್ಸಾಗಿತ್ತು ಎಂದು ಬರೆದು ಕೈತೊಳೆದುಕೊಂಡಿದ್ದರು. ಈ ಮೀನುಗಾರರ ಊರಿನಲ್ಲಿ ಉಳಿದಿದ್ದ ಒಂದೇ ಅಂಗಡಿಯೂ ಹೋದ ವರ್ಷ ಮುಚ್ಚಿತ್ತು. ಹಸಿದುಕೊಂಡು ಸತ್ತಳೇ ಎಂಬ ಪ್ರಶ್ನೆ ತೋಮಿಯ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು. ಅವಳಿರುವುದು ಪಟ್ಟಣದ ವೃದ್ಧಾಶ್ರಮದಲ್ಲಿ. ಇಂದು ಅಲ್ಲಿನ ವ್ಯಾನು ಕರೆತಂದಿತ್ತು, ಸಂಜೆಯೊಳಗೆ ಹಿಂತಿರುಗಬೇಕು.

ಚೀಲಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಕ್ಯಾರೆಟ್ ಬೆರೆಸಿದ ಅನ್ನ. ಹಾಲು ಹಾಕಿದ ಆಲೂಗಡ್ಡೆ ಸಾರು. ಸುಟ್ಟ ಮೀನು. ಬೇಯಿಸಿದ ಕುಂಬಳಕಾಯಿ. ಹೋದ ವಾರದವರೆಗೂ ಒಂದು ದಿನವೂ ತಪ್ಪಿರಲಿಲ್ಲ. ಉಂಡಿದ್ದಾಳೆ, ಚೆನ್ನಾಗಿಯೇ ಉಂಡಿದ್ದಾಳೆ. ತೋಮಿಗೆ ಬೆಳಗಿನಿಂದ ಮೊದಲ ಬಾರಿ ಉಸಿರು ಸರಾಗವಾಯಿತು.

ಕಿನುಯೊಳ ತಂಗಿಯ ಮಗ ಶಿಗೆರು ಅಡುಗೆಮನೆಗೆ ಇಣುಕಿದ.

"ಸತ್ತೋರ ಮನೇಲೂ ಫ್ರಿಜ್ ತಪಾಸಣೆ ಮಾಡ್ತಿದೀರಾ ತೋಮಿ ಅಜ್ಜಿ? ಬಿಡಿ, ಕರೆಂಟಿನವರಿಗೂ ಹೇಳಿಬಿಟ್ಟಿದೀನಿ, ಮಧ್ಯಾಹ್ನ ಬಂದು ಲೈನ್ ತೆಗೀತಾರೆ. ಇನ್ನು ಇಲ್ಲಿ ಯಾರಿರ್ತಾರೆ?"

*

ಊರಿನ ಶಾಲೆಗೆ ಸ್ವಂತ ಅಡುಗೆಮನೆ ಇದ್ದ ಕಾಲದಲ್ಲಿ ತೋಮಿ, ಕಿನುಯೊ ಇಬ್ಬರೇ ಎಲ್ಲ ಮಕ್ಕಳಿಗೂ ಬೇಯಿಸುತ್ತಿದ್ದರು. ಸರ್ಕಾರದ ಊಟ, ಸರ್ಕಾರದ ಕಟ್ಟಳೆ. ಪ್ರತಿದಿನದ ಅಡುಗೆಯಲ್ಲೂ ಒಂದು ಹಿಡಿ ತೆಗೆದು ತಾರೀಖು ಬರೆದು ಎರಡು ವಾರ ಫ್ರೀಜರಿನಲ್ಲಿ ಇಡಬೇಕು. ಯಾವ ಮಗುವಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ಬೇಕಲ್ಲ. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರೊಬ್ಬರು ಉಂಡು ನೋಡಬೇಕು. ಅದು ಹೆಡ್ಮಾಸ್ತರರ ಕೆಲಸ, ಆದರೆ ಕಿನುಯೊ ಅವರಿಗಿಂತ ಮೊದಲೇ ಸೌಟಿಗೆ ಬಾಯಿ ಹಾಕುತ್ತಿದ್ದಳು. ಆಮೇಲೆ ಊಟಕ್ಕೆ ಕರೆದರೆ, "ರುಚಿ ನೋಡಿದ್ರಲ್ಲೇ ಹೊಟ್ಟೆ ತುಂಬೋಯ್ತು" ಎನ್ನುತ್ತಿದ್ದಳು. ಹಾಗೆಂದವಳು ಎರಡು ಬಟ್ಟಲು ಅನ್ನ ಖಾಲಿ ಮಾಡುತ್ತಿದ್ದಳು ಎನ್ನುವುದೇ ತಮಾಷೆ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಮಾತ್ರ ಅವಳು ತಮಾಷೆ ಮಾಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಒಳಬರುವ ಮಕ್ಕಳ ಮೊಣಕೈಗಳನ್ನೇ ನೋಡುತ್ತಿದ್ದಳು.

"ಅವನ್ನ ನೋಡು, ರಜೇಲಿ ಎಷ್ಟು ಸೊರಗಿದಾನೆ. ಮನೇಲಿ ಏನೂ ಇಲ್ಲ ಕಣೆ. ರಜೆ ಅಂದ್ರೆ ಹೊಟ್ಟೆಗೂ ರಜೇನಾ?"

ಆಮೇಲೆ ಮಕ್ಕಳು ಕಡಿಮೆಯಾದರು, ಅಡುಗೆಮನೆ ಮುಚ್ಚಿತು. ಊಟ ಪಟ್ಟಣದಿಂದ ಲಾರಿಯಲ್ಲಿ ಬರತೊಡಗಿತು. ಕೊನೆಗೆ ಶಾಲೆಯೂ ಹೋಯಿತು. ಈಗ ಊರಿನಲ್ಲಿರುವುದು ಒಂದೇ ಮಗು, ಸುಮಿರೆ ಎಂಬ ಏಳು ವರ್ಷದ ಹುಡುಗಿ. ತಾಯಿ ಬಿಟ್ಟುಹೋಗಿದ್ದಳು, ತಂದೆ ಮೀನಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ದುಡಿದು ಹಗಲೆಲ್ಲ ಮಲಗುತ್ತಿದ್ದ. ಶಾಲೆ ನಡೆಯುವ ದಿನಗಳಲ್ಲಿ ಅವಳು ಬಸ್ಸಿನಲ್ಲಿ ಪಟ್ಟಣದ ಶಾಲೆಗೆ ಹೋಗಿಬರುತ್ತಿದ್ದಳು. ಈಗ ಬೇಸಿಗೆ ರಜೆ.

*

ಪೆಟ್ಟಿಗೆ ಹೊಸ್ತಿಲು ದಾಟಿತು. ಸತ್ತವರು ಉಣ್ಣುತ್ತಿದ್ದ ಬಟ್ಟಲನ್ನು ಆಗ ಒಡೆಯಬೇಕು, ಇನ್ನು ಈ ಮನೆಯಲ್ಲಿ ನಿನಗೆ ಊಟವಿಲ್ಲ, ನೆಮ್ಮದಿಯಿಂದ ಹೋಗು ಎಂದು. ಶಿಗೆರು ಪಾತ್ರೆ ಒಣಗಿಸುವ ಜಾಲರಿಯಲ್ಲಿದ್ದ ಒಂದೇ ಬಟ್ಟಲನ್ನು ತಂದು ಅಂಗಳದ ಕಲ್ಲಿನ ಮೇಲೆ ಒಡೆದ. ನೀಲಿ ಹೂವಿನ ಚೂರುಗಳು ಚದುರಿದವು.

ಗೇಟಿನ ಬಳಿ ನಿಂತಿದ್ದ ಸುಮಿರೆ ಮೆಲ್ಲಗೆ ಹೇಳಿದಳು: "ಅದು ನನ್ ಬಟ್ಲು."

ಯಾರೂ ಗಮನ ಕೊಡಲಿಲ್ಲ. ಕಾರುಗಳು ಸುಡುಗಾಡಿನ ದಾರಿ ಹಿಡಿಯುವ ಅವಸರದಲ್ಲಿದ್ದವು. ತೋಮಿ ಮಾತ್ರ ಕೋಲೂರಿ ಮಗುವಿನ ಹತ್ತಿರ ಹೋದಳು.

"ನಿಂದಾ ಪುಟ್ಟಿ? ಮತ್ತೆ ಅಜ್ಜಿ ಬಟ್ಲು ಎಲ್ಲಿ?"

"ಅಜ್ಜಿ ಬಟ್ಲಲ್ಲಿ ಉಣ್ತಿರ್ಲಿಲ್ಲ. ಮೊದ್ಲು ಒಂದು ಚಮಚ ತಿಂದು ನೋಡೋರು, ಆಮೇಲೆ ನಂಗೆ ಹಾಕೋರು. ನೀನೂ ಉಣ್ಣಜ್ಜಿ ಅಂದ್ರೆ, ರುಚಿ ನೋಡಿದ್ರಲ್ಲೇ ಹೊಟ್ಟೆ ತುಂಬೋಯ್ತು ಅನ್ನೋರು."

"ಯಾವಾಗಿಂದ?"

"ರಜೆ ಶುರುವಾದಾಗಿಂದ."

ಫ್ರೀಜರಿನ ಆ ಚೀಲಗಳು ಕಿನುಯೊ ಉಂಡದ್ದಕ್ಕೆ ಸಾಕ್ಷಿಯಾಗಿರಲಿಲ್ಲ. ಈ ಮಗುವಿಗೆ ಏನಾದರೂ ಆದರೆ ಎಂದು ಮಗುವಿನ ಪಾಲಿನಿಂದ ತೆಗೆದಿಟ್ಟ ತುತ್ತುಗಳು ಅವು. ಸಿಗುತ್ತಿದ್ದ ಸಣ್ಣ ಪಿಂಚಣಿಯಲ್ಲಿ ಒಂದೇ ಹೊಟ್ಟೆ ತುಂಬುತ್ತಿತ್ತು. ಅದು ಯಾರದೆಂದು ಕಿನುಯೊ ತೀರ್ಮಾನಿಸಿಬಿಟ್ಟಿದ್ದಳು. ತೋಮಿಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಹಿಂದೆಯೇ ಅಳು ಉಕ್ಕಿತು.

ಪುರಸಭೆಯಿಂದ ಹೂವಿನ ಹಾರ ತಂದಿದ್ದ ನಿಶಿದಾತೆ ಇನ್ನೂ ಚಪ್ಪಲಿ ಮೆಟ್ಟುತ್ತಿದ್ದ. ಅವನು ಕೆಟ್ಟವನಲ್ಲ. ತೋಮಿ ಹೇಳಿದ್ದನ್ನೆಲ್ಲ ತಲೆತಗ್ಗಿಸಿ ಕೇಳಿದ.

"ಮಗುಗೆ ಊಟದ ನೆರವು ಮಂಜೂರಾಗಿದೆ ಅಜ್ಜಿ. ಆದ್ರೆ ಅದು ಶಾಲೆ ಇರೋ ದಿನಕ್ಕೆ ಮಾತ್ರ. ರಜೇಲೂ ಕೊಡ್ಬೇಕು ಅಂತ ನಾನೇ ಬರೆದಿಟ್ಟಿದೀನಿ, ಮುಂದಿನ ತಿಂಗಳ ಸಭೇಲಿ ಬರುತ್ತೆ."

"ಮುಂದಿನ ತಿಂಗಳು ಶಾಲೇನೇ ತೆರೆದಿರುತ್ತಲ್ಲಪ್ಪ."

ಅವನು ಮತ್ತೊಮ್ಮೆ ತಲೆಬಾಗಿ ಹೊರಟುಹೋದ.

ಅಂಗಳ ಖಾಲಿಯಾಯಿತು. ವ್ಯಾನಿನ ಚಾಲಕ ಒಮ್ಮೆ ಹಾರನ್ ಒತ್ತಿದ. ತೋಮಿ ಮಗುವನ್ನು ಒಳಗೆ ಕರೆದೊಯ್ದು ಫ್ರೀಜರು ತೆರೆದು, ಇವನ್ನೆಲ್ಲ ಮನೆಗೆ ತೆಗೆದುಕೊಂಡು ಹೋಗು ಎಂದಳು. ಅವಳ ಕೈಲಾಗುವುದು ಅಷ್ಟೇ ಆಗಿತ್ತು.

ಸುಮಿರೆ ಚೀಲಗಳನ್ನು ನೆಲದ ಮೇಲೆ ಜೋಡಿಸಿದಳು. ಬಹಳ ಹೊತ್ತು ಯೋಚಿಸಿ, ಕುಂಬಳಕಾಯಿಯದನ್ನು ಆರಿಸಿ ಪಕ್ಕಕ್ಕಿಟ್ಟಳು. ಉಳಿದವನ್ನು ತಾರೀಖಿನ ಪ್ರಕಾರ ಒಂದೊಂದಾಗಿ ಮತ್ತೆ ಫ್ರೀಜರಿನೊಳಗೆ ಇಟ್ಟಳು.

"ನಮ್ಮನೆ ಫ್ರಿಜ್ ಕೆಟ್ಟೋಗಿದೆ. ಇಲ್ಲೇ ಇರ್ಲಿ. ದಿನಾ ಬಂದು ಒಂದೊಂದೇ ತಗೋತೀನಿ. ಶಾಲೆ ತೆರೆಯೋವರ್ಗೂ ಬರುತ್ತೆ."

ಕರೆಂಟಿನ ಬಗ್ಗೆ ಶಿಗೆರು ಹೇಳಿದ್ದು ನೆನಪಾಗಿ ತೋಮಿ ಗೋಡೆಯ ಮೇಲಿನ ಸ್ವಿಚ್ಚಿಗೆ ಕೈ ಹಾಕಿದಳು. ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದಳು. ಹೊರಗೆ ಹಾರನ್ ಮತ್ತೆ ಕೂಗಿತು.

ಹುಡುಗಿ ಎರಡೂ ಕೈಯಿಂದ ಫ್ರೀಜರಿನ ಬಾಗಿಲು ತಳ್ಳಿದಳು. ತಣ್ಣಗಿನ ಗಾಳಿ ಹೊರಗೆ ಹೋಗಬಾರದೆಂದು ಭುಜ ಕೊಟ್ಟು ಒತ್ತಿ ಹಿಡಿದು ನಿಂತಳು.