ಒಂಬತ್ತು ಡಜನ್ ಅಂದರೆ ಎಷ್ಟು?

ಭಾನುವಾರ ಬೆಳಿಗ್ಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ, ಆಗಲೇ ಗುರುವಾರ ಬಂದಿತ್ತು. ಐದನೇ ಕ್ಲಾಸಿನ ಲಿಖಿತಳಿಗೆ ಅಲ್ಲಿ ಸೀಟು ಸಿಕ್ಕಿದರೆ ಊಟ, ಬಟ್ಟೆ, ಪುಸ್ತಕ ಎಲ್ಲ ಅವರದೇ. ಹತ್ತನೇ ಕ್ಲಾಸಿನವರೆಗೆ ಯೋಚನೆಯಿಲ್ಲ. ಸಿಗದಿದ್ದರೆ? ಅಮ್ಮ ಇಂದ್ರಾಣಿಯ ಹಾಗೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಬಂಗಾರಪೇಟೆ ಸ್ಟೇಷನ್ ಮುಂದೆ ನಿಂಬೆಹಣ್ಣಿನ ಗುಡ್ಡೆ ಕಾಯಬೇಕು. ಇಂದ್ರಾಣಿಗೆ ಬೇರೆ ಯೋಚನೆಯೇ ಇರಲಿಲ್ಲ.

ಹುಡುಗಿ ದಡ್ಡಿ ಅಂತೀರಾ, ಅಲ್ಲ. ಹದಿನಾರರ ಮಗ್ಗಿಯನ್ನು ಎಲ್ಲಿಂದ ಕೇಳಿದರೂ ಪಟಪಟ ಹೇಳುತ್ತಾಳೆ. ಅಭ್ಯಾಸದ ಪುಸ್ತಕದಲ್ಲಿ ವಾಕ್ಯದ ಲೆಕ್ಕ ಬಂತೋ, ಎಡವುತ್ತಾಳೆ. ಅದೂ ಎಲ್ಲ ಲೆಕ್ಕದಲ್ಲಲ್ಲ, ತಲೆ ಕೆಡುವುದೇ ಅಲ್ಲಿ. 'ಒಂದು ಬೋಗಿಯಲ್ಲಿ 72 ಸೀಟು, ಆರು ಬೋಗಿಗೆ ಎಷ್ಟು?' 432, ಸರಿ. 'ವ್ಯಾಪಾರಿಯು ದಿನಕ್ಕೆ ಒಂಬತ್ತು ಡಜನ್ ಬಾಳೆಹಣ್ಣು ಮಾರುತ್ತಾನೆ, ಹಣ್ಣುಗಳೆಷ್ಟು?' 117, ತಪ್ಪು. ರೈಲು ಬಂದವಳಿಗೆ ಬಾಳೆಹಣ್ಣು ಬರಬಾರದೇ?

ಇಂದ್ರಾಣಿ ತಾನೇ ಬಾಯಲ್ಲಿ ಲೆಕ್ಕ ಹಾಕಿದಳು. ಅಯ್ಯೋ ದೇವರೇ, ಅವಳಿಗೂ ನೂರಹದಿನೇಳೇ ಬಂತು! ಪುಸ್ತಕದ ಹಿಂದೆ ನೋಡಿದರೆ ಉತ್ತರ 108.

"ಬುಕ್ಕೇ ತಪ್ಪು ಕಣೆ," ಅಂದಳು. "ಯಾವನೋ ನಿದ್ದೇಲಿ ಅಚ್ಚಾಕವ್ನೆ."

ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಅಮ್ಮಾಜಮ್ಮ ತಲೆಯೆತ್ತದೆ, "ಒಂಬತ್ತು ಡಜನ್ನಾ? ನೂರದಿನೇಳು," ಅಂದಳು.

ಅಜ್ಜಿ, ಅಮ್ಮ, ಮಗಳು ಮೂವರೂ ಒಂದೇ ಮಾತು ಹೇಳಿದ ಮೇಲೆ ಪುಸ್ತಕವನ್ನು ಯಾರು ನಂಬುತ್ತಾರೆ? ಆದರೂ ಇಂದ್ರಾಣಿಗೆ ನಿದ್ದೆ ಬರಲಿಲ್ಲ. ಪೇಪರು ತಿದ್ದುವವರೂ ಆ ಪುಸ್ತಕದವರ ಕಡೆಯವರೇ ಆಗಿಬಿಟ್ಟಿದ್ದರೆ ಏನು ಗತಿ?

ಶುಕ್ರವಾರ ಸಂಜೆ, ಚಿನ್ನದ ಗಣಿಯ ಊರು ಉರಿಗಾಂನಲ್ಲಿ ಇಂದ್ರಾಣಿಯ ಮನೆ ಪಕ್ಕದಲ್ಲೇ ಇದ್ದ ಆಶಾರಾಣಿ ಟೀಚರ್ ರೈಲಿಗೆಂದು ಸ್ಟೇಷನ್ನಿಗೆ ಬಂದರು. ಇಂದ್ರಾಣಿ ಅವರನ್ನು ಹಿಡಿದು ನಿಲ್ಲಿಸಿ ಪುಸ್ತಕ ಮುಂದಿಟ್ಟಳು. ಶಾಲೆ ಮುಗಿಸಿ ಬಂದ ಲಿಖಿತ ಗುಡ್ಡೆಯ ಪಕ್ಕದಲ್ಲೇ ಕೂತಿದ್ದಳು.

"ಹನ್ನೆರಡೊಂಬತ್ಲೆ?"

"ನೂರೆಂಟು."

"ಒಂಬತ್ತು ಡಜನ್ ಬಾಳೆಹಣ್ಣು?"

"ನೂರದಿನೇಳು."

ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಕೇಳಿದರು. ಮತ್ತೆ ಅದೇ. ಈಗ ಅವರಿಗೂ ಗೊಂದಲ ಹತ್ತಿತು. "ಎಲ್ಲಿ, ನಂಗೊಂದು ಡಜನ್ ನಿಂಬೆಹಣ್ಣು ಎಣಿಸಿಕೊಡು," ಅಂದರು.

ಲಿಖಿತ ಎರಡೆರಡಾಗಿ ಹನ್ನೆರಡು ಎಣಿಸಿದಳು. ಎಣಿಸಿ, ಅದೇ ಉಸಿರಿನಲ್ಲಿ ಇನ್ನೊಂದು ಹಣ್ಣು ಮೇಲಿಟ್ಟಳು.

"ಅದ್ಯಾಕಮ್ಮ ಮೇಲೊಂದು?"

"ಕೊಸರು ಟೀಚರ್."

ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂದ್ರಾಣಿಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಡಜನ್ ಕೇಳಿದವರಿಗೆ ಹದಿಮೂರು ಹಾಕಿ ಹಾಕಿ ಕೈಗೂ ಬಾಯಿಗೂ ಅದೇ ಕೂತುಬಿಟ್ಟಿತ್ತು. ಕನ್ನಡದವರೋ ತೆಲುಗಿನವರೋ ತಮಿಳಿನವರೋ, ಗಿರಾಕಿ ಯಾರೇ ಆಗಲಿ, ಕೊಸರು ಬೀಳದೆ ಚೀಲದ ಬಾಯಿ ಮುಚ್ಚುವವರಲ್ಲ.

"ಪುಸ್ತಕದ ವ್ಯಾಪಾರಿ ಕೊಸರು ಕೊಡಲ್ಲ ಪುಟ್ಟಿ," ಅಂದರು ಟೀಚರ್. "ಇಂದ್ರಾಣಿ, ಪರೀಕ್ಷೆ ಮುಗಿಯೋವರೆಗೂ ಇಲ್ಲೂ ಹನ್ನೆರಡಕ್ಕೇ ನಿಲ್ಲಿಸಲಿ. ಕೈಗೆ ಅಭ್ಯಾಸ ಆಗಲಿ."

ಅವರು ಅತ್ತ ಹೋದದ್ದೇ ತಡ, ಗುಡ್ಡೆಯ ಹಿಂದೆ ಕೂತು ಎಲ್ಲ ಕೇಳುತ್ತಿದ್ದ ಅಮ್ಮಾಜಮ್ಮ ಕಿಡಿಕಿಡಿಯಾದಳು. "ಕೊಸರಾಕ್ದೇ ಇರೋದೂ ಒಂದು ಯಾಪಾರವಾ? ಇಂತಾ ಜಿಪುಣ್ರ ಇಸ್ಕೂಲ್ಗಾ ನನ್ ಮೊಮ್ಮಗ್ಳು ಓಗೋದು?"

ಶನಿವಾರ ಮಧ್ಯಾಹ್ನ ಆರುಮುಗಂ ಬಂದ. ಗಣಿ ಮುಚ್ಚುವವರೆಗೂ ನೆಲದಡಿ ದುಡಿದ ಮುದುಕ, ಇಪ್ಪತ್ತು ವರ್ಷದಿಂದ ಉಪ್ಪಿನಕಾಯಿಗೆ ಇವರ ಹಣ್ಣೇ ಆಗಬೇಕು ಅವನಿಗೆ. ಮೂರು ಡಜನ್ ಕೇಳಿದ. ಲಿಖಿತ ಗಟ್ಟಿಯಾಗಿ ಮೂವತ್ತಾರು ಎಣಿಸಿ, ಕೈಕಟ್ಟಿ ಕೂತಳು. ಆರುಮುಗಂ ಚೀಲ ಅಗಲಿಸಿಕೊಂಡೇ ನಿಂತಿದ್ದ.

"ಏನ್ ಪಾಪ, ಕೊಸುರು?"

"ಡಜನ್ ಅಂದ್ರೆ ಅನ್ನೆರಡು ತಾತ. ಮೂರಕ್ಕೆ ಮೂವತ್ತಾರು. ಅಷ್ಟೇ."

ಮುದುಕ ಇಂದ್ರಾಣಿಯ ಮುಖ ನೋಡಿದ. ಇಂದ್ರಾಣಿಯ ಕೈ ತಾನಾಗಿ ಗುಡ್ಡೆಗೆ ಹೋಯಿತು. ಮೂರೇ ಮೂರು ಹಣ್ಣು! ಆದರೆ ಈಗ ಹಾಕಿದರೆ ಮಗು ನಾಳೆ ಪೇಪರಿನ ಮುಂದೆ ಏನು ಮಾಡುತ್ತದೋ. ಹಾಕದಿದ್ದರೆ ಈ ಮನುಷ್ಯ ಏನಂದುಕೊಳ್ಳುತ್ತಾನೋ. ಕೈ ಬರಿದಾಗಿಯೇ ಹಿಂದೆ ಬಂತು. ಆರುಮುಗಂ ಚೀಲದ ಬಾಯಿ ಸುತ್ತಿ ಸ್ಟೇಷನ್ ಕಡೆ ನಡೆದ.

ಅಮ್ಮಾಜಮ್ಮ ಗುಡ್ಡೆಯಿಂದ ದಪ್ಪನೆಯ ಮೂರು ಹಣ್ಣು ಆರಿಸಿ, ಮಂಡಿ ಹಿಡಿದು ಎದ್ದಳು. "ಏಯ್ ಆರುಮುಗಂ, ನಿಂತ್ಕೊಳ್ಳಯ್ಯಾ!" ಎಂದು ಕೂಗುತ್ತ, ಕುಂಟುತ್ತ ಅವನ ಹಿಂದೆ ಹೋದಳು.

ಲಿಖಿತಳ ಕಣ್ಣು ತುಂಬಿತ್ತು. "ಅಮ್ಮಾ, ನಾನ್ ಏಳಿದ್ದು ತಪ್ಪಾ?"

ಇಂದ್ರಾಣಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇಲ್ಲ ಕಣೆ, ಸರೀನೇ," ಅಂದಳು. "ನಾಳೆ ಮದ್ಯಾನದವರ್ಗೂ ಸರಿ."