ಡಿಕ್ಕಿಯೊಳಗಿನ ಪೈಪು

"ಅಕ್ಕ, ಒಂದ್ನಿಮಿಷ ಈ ಕಡೆ ಬನ್ನಿ," ಎಂದು ಟೈರ್ ಅಂಗಡಿಯ ಮೇಸ್ತ್ರಿ ಕರೆದಾಗ ಅವಳು ಬೆಂಚಿನ ಮೇಲೆ ಕುಳಿತು ಮರುದಿನ ನೋಡಬೇಕಾದ ರೋಗಿಗಳ ವಿಳಾಸ ಓದುತ್ತಿದ್ದಳು. ಮನೆಮನೆಗೆ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುವ ನರ್ಸ್ ಅವಳು. ದಿನಕ್ಕೆ ಅರವತ್ತು ಕಿಲೋಮೀಟರಾದರೂ ಕಾರು ಓಡಿಸಲೇಬೇಕು.

ಹೊಸ ಟೈರ್ ಹಾಕುವಾಗ ಒಳಗಿನ, ಗಾಳಿಯ ಒತ್ತಡ ಅಳೆಯುವ ಸೆನ್ಸಾರ್‌ಗಳ ರಬ್ಬರ್ ಸೀಲು, ವಾಲ್ವಿನ ಪಿನ್ನು ಎಲ್ಲ ಬದಲಾಯಿಸಿಬಿಡೋಣ, ಇಲ್ಲದಿದ್ದರೆ ಅಲ್ಲೇ ಗಾಳಿ ಸೋರುತ್ತದೆ ಎಂದು ಅವನು ಆಗಲೇ ಹೇಳಿದ್ದ. ಅವಳು ಒಪ್ಪಿದ್ದಳು. ಈಗ ಬಿಚ್ಚಿಟ್ಟ ನಾಲ್ಕು ಚಕ್ರಗಳನ್ನು ತೋರಿಸಿ, ಒಂದರಲ್ಲೂ ಸೆನ್ಸಾರೇ ಇಲ್ಲ ಎಂದ.

"ಇರ್ಲೇಬೇಕಲ್ಲ," ಎಂದಳು. "ಒಂದು ವರ್ಷದಿಂದ ಗಾಳಿ ಕಡಿಮೆ ಅನ್ನೋ ದೀಪ ಒಂದ್ಸಲಾನೂ ಹತ್ತಿಲ್ಲ."

"ಸೆನ್ಸಾರ್ ಇಲ್ದಿದ್ರೆ ಅದು ಹತ್ತೇ ಇರ್ಬೇಕಿತ್ತು. ಅದೇ ನಂಗೂ ಅರ್ಥ ಆಗ್ತಿಲ್ಲ."

ಅವನು ಹಿಂದಿನ ಎಡಗಡೆಯ ಹಳೆ ಟೈರನ್ನು ವಾಲಿಸಿ ಒಳಗೆ ಕೈಯಾಡಿಸಿದ. ಬೆರಳಿಗೆ ಕಪ್ಪು ಪುಡಿ ಮೆತ್ತಿತು. ಗಾಳಿ ಕಡಿಮೆಯಿದ್ದೇ ತಿಂಗಳುಗಟ್ಟಲೆ ಓಡಿ ಟೈರಿನ ಪಕ್ಕೆ ಒಳಗೊಳಗೇ ಸವೆದುಹೋಗಿದೆ, ಇಷ್ಟು ದಿನ ಸಿಡಿಯದೆ ಇದ್ದದ್ದೇ ದೊಡ್ಡದು ಎಂದ. ಮೊನ್ನೆ ಶನಿವಾರ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಬಂದಿದ್ದಳು. ಮಗಳು ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು.

ಅವನು ಸೆನ್ಸಾರ್ ಹುಡುಕುವ ಯಂತ್ರ ಹಿಡಿದು ಕಾರಿನ ಸುತ್ತ ಬಂದಾಗ ಡಿಕ್ಕಿಯ ಹತ್ತಿರ ಅದು ಕೀಂ ಎಂದಿತು. ಸ್ಟೆಪ್ನಿ ಎತ್ತಿದರೆ ಅದರಡಿಯಲ್ಲಿ ಮೊಳದುದ್ದದ ಪೈಪು. ಎರಡೂ ತುದಿ ಮುಚ್ಚಿ, ಗಾಳಿ ತುಂಬಲು ಒಂದು ವಾಲ್ವ್ ಕೂರಿಸಿತ್ತು. ನಾಲ್ಕೂ ಸೆನ್ಸಾರ್ ಇದರೊಳಗಿವೆ, ಚಕ್ರ ಬರಿದಾದರೂ ಇವು ಪೈಪಿನ ಗಾಳಿಯನ್ನೇ ಅಳೆದು ಎಲ್ಲ ಸರಿಯಿದೆ ಅಂತಲೇ ಹೇಳುತ್ತವೆ ಎಂದ ಮೇಸ್ತ್ರಿ. "ನಿಮ್ಮ ಭಾಷೇಲಿ ಹೇಳ್ಬೇಕಂದ್ರೆ ಜ್ವರ ನಿಮ್ಗೆ, ಥರ್ಮಾಮೀಟರ್ ಪಕ್ಕದ್ಮನೆಯವ್ರ ಬಾಯಲ್ಲಿ." ಹಳೆ ಗಾಡಿ ಮಾರುವವರ ಕಣ್ಕಟ್ಟು ಇದು, ಯಾರಿಂದ ಕೊಂಡಿರಿ ಎಂದು ಕೇಳಿದ.

ಅವಳು ಪೈಪನ್ನು ಬಗ್ಗಿ ನೋಡಿದಳು. ಪೈಪಿನ ಪ್ರತಿ ಜೋಡಣೆಯ ಬಳಿ ಪೆನ್ಸಿಲಿನ ಎರಡೆರಡು ಗೀಟುಗಳಿದ್ದವು. ಅವಳ ಮನೆಯ ಬಚ್ಚಲಿನ ಪೈಪುಗಳಲ್ಲೂ ಅವೇ ಗೀಟುಗಳು. ಪ್ಲಂಬರನಾದ ಅವಳ ಗಂಡ ಅಂಟು ಹಚ್ಚುವ ಮೊದಲು ಹಾಗೆ ಗುರುತು ಮಾಡಿಕೊಳ್ಳುತ್ತಿದ್ದ.

ಅವಳು ಗಂಡನಿಗೆ ಫೋನು ಮಾಡಿದಳು.

"ಡಿಕ್ಕೀಲಿ ಪೈಪ್ ಸಿಕ್ತು," ಎಂದಷ್ಟೇ ಹೇಳಿದಳು.

ಆ ಕಡೆ ನೀರು ಸುರಿಯುವ ಸದ್ದು ನಿಂತಿತು.

"ದೀಪ ಹತ್ತಿದಾಗೆಲ್ಲ ನಡುರಸ್ತೇಲಿ ನಿಲ್ಲಿಸ್ಕೊಂಡು ಅಳ್ತಿದ್ದೆ ನೀನು," ಎಂದ ಅವನು. "ಕೆಲಸಾನೇ ಬಿಡ್ತೀನಿ ಅಂದೆ. ಹೆದರಿಕೆ ಹೋಗ್ಲಿ ಅಂತ ಮಾಡ್ದೆ. ಭಾನುವಾರ ಭಾನುವಾರ ಗಾಳಿ ನಾನೇ ನೋಡ್ತಿದ್ದೆ."

"ಈಗ್ಲೂ ನೋಡ್ತಿದೀರಾ?"



"ದೀಪ ಹತ್ತಲಿಲ್ವಲ್ಲ," ಎಂದ. "ನಾನೂ ನಂಬ್ಕೊಂಡ್ಬಿಟ್ಟೆ."

ಅವಳು ಫೋನಿಟ್ಟಳು.

ಮೇಸ್ತ್ರಿ ಪೈಪಿನ ಗಾಳಿ ಬಿಟ್ಟು, ಕೊಯ್ದು, ಸೆನ್ಸಾರ್‌ಗಳನ್ನು ಹೊರತೆಗೆದ. ಬ್ಯಾಟರಿಗಳಲ್ಲಿ ಇನ್ನೂ ಜೀವವಿತ್ತು. ಹೊಸ ಸೀಲು, ಪಿನ್ನು, ನಟ್ಟು ಹಾಕಿ ಚಕ್ರಗಳಲ್ಲಿ ಕೂರಿಸಿ ಹೊಸ ಟೈರ್ ಏರಿಸಿದ. ಗಾಡಿ ಇವುಗಳ ಗುರುತು ಹಿಡಿಯುವವರೆಗೆ, ಏಳೆಂಟು ಕಿಲೋಮೀಟರ್, ದೀಪ ಮಿನುಗುತ್ತಲೇ ಇರುತ್ತದೆ, ಹೆದರಬೇಡಿ ಎಂದ.

"ಹೆದರ್ತೀನಿ," ಎಂದಳು ಅವಳು. "ಗಾಳಿ ನೋಡೋದು ಹೇಗೆ ಅಂತ ನಂಗೆ ತೋರ್ಸಿ."

ಪ್ರತಿ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತು, ಗೇಜು ಒತ್ತಿ, ಮುಳ್ಳು ಎಲ್ಲಿ ನಿಂತಿತೆಂದು ತಾನೇ ಓದಿದಳು. ನಾಲ್ಕೂ ಮುಗಿದ ಮೇಲೆ ಮೊದಲನೆಯದನ್ನು ಮತ್ತೊಮ್ಮೆ ಓದಿದಳು.

ಶಾಲೆಯ ಗೇಟಿನಲ್ಲಿ ಮಗಳು ಹತ್ತಿಕೊಂಡಳು. ಹಳದಿ ದೀಪ ಮಿನುಗುತ್ತಿತ್ತು. ಅವಳ ಅಂಗೈ ಬೆವೆತು ಸ್ಟಿಯರಿಂಗ್ ಜಾರುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಹಿಂದಿನವರು ಹಾರ್ನ್ ಹೊಡೆದು ಮುಂದೆ ಹೋದರು. ಯಾಕಮ್ಮ ಇಷ್ಟು ನಿಧಾನ ಎಂದು ಮಗಳು ಕೇಳಿದಳು. ಹೊಸ ಟೈರು ಎಂದಳು.

ಮಗಳು ಕಿಟಕಿಯ ಗಾಜಿಗೆ ಬಾಯಿ ಹಚ್ಚಿ ಉಸಿರೂದಿ, ಮೂಡಿದ ಮಬ್ಬಿನ ಮೇಲೆ ಬೆರಳಿನಿಂದ ಒಂದು ಮುಖ ಬರೆದಳು. ಅದು ಮಾಸತೊಡಗಿದಂತೆ ಮತ್ತೆ ಊದಿದಳು.