ಚಿಕ್ಕಪ್ಪನ ತಾರಸಿಯ ಟವರ್

"ಈ ಟವರ್ ಇಳಿಸೋಳು ನಾನೇ, ನೆನಪಿಟ್ಕೋ ಚಿಕ್ಕಪ್ಪ!" ಎಂದು ಅವಳು ಹುಡುಗಿಯಾಗಿದ್ದಾಗ ಶಪಥ ಮಾಡಿದ್ದಳು. ಅದು ಟೂಜಿ ಕಾಲ. ಮೊಬೈಲ್ ಕಂಪನಿಗೆ ತಾರಸಿ ಬಾಡಿಗೆಗೆ ಕೊಡಲು ಚಿಕ್ಕಪ್ಪ ಅಲ್ಲಿ ಅವರು ವಾಸವಿದ್ದ ಕೋಣೆ, ಅಡುಗೆಮನೆ ಕೆಡವಿಸಿ, ವಿಧವೆ ಅತ್ತಿಗೆಯನ್ನೂ ಮಗಳಾದ ಅವಳನ್ನೂ ಪಾತ್ರೆಪಗಡಿ ಸಮೇತ ಬೀದಿಗೆ ತಳ್ಳಿದ್ದ.

ಅವಳು ಟವರ್ ಹತ್ತುವ ಕೆಲಸವನ್ನೇ ಕಲಿತಳು. ತ್ರೀಜಿ ಬಂದಾಗ ಅದೇ ಟವರಿಗೆ ಹೊಸ ಆಂಟೆನಾ ಕಟ್ಟಿದಳು, ಫೋರ್‌ಜಿ ಬಂದಾಗಲೂ ಕಟ್ಟಿದಳು.

"ಇಳಿಸ್ತೀನಿ ಅಂದೋಳು ಏರಿಸ್ತಾನೇ ಇದೀಯಲ್ಲೇ!" ಎಂದು ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಹಲ್ಲು ಕಚ್ಚಿ ಬೋಲ್ಟು ಬಿಗಿದಳು.

ಫೈವ್‌ಜಿ ಬರುವ ಹೊತ್ತಿಗೆ ಅವಳೇ ಮೇಲ್ವಿಚಾರಕಿ. ಹಳೆಯ ಟವರು ಹೊಸ ಉಪಕರಣದ ಪೆಟ್ಟಿಗೆಗಳ ಭಾರ ತಡೆಯುವಂತಿರಲಿಲ್ಲ. ಅದನ್ನು ಬಲಪಡಿಸಬಹುದಿತ್ತು, ಇಲ್ಲವೇ ಎದುರುಮನೆಯ ತಾರಸಿಯಲ್ಲಿ ಹೊಸದು ನಿಲ್ಲಿಸಬಹುದಿತ್ತು. ಆಯ್ಕೆ ಅವಳದು. ಅವಳು ಎದುರುಮನೆಗೆ ಬೆರಳು ತೋರಿಸಿದಳು.

ಚಿಕ್ಕಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. "ಮಗಳೇ, ರಕ್ತಸಂಬಂಧ ಅಂತ ಒಂದಿದೆ ಕಣೇ."

"ಇದೆ ಚಿಕ್ಕಪ್ಪ. ಸಿಗ್ನಲ್ ಸಿಕ್ತಿಲ್ಲ, ಅಷ್ಟೆ."

ಕೊನೆಯ ಬೋಲ್ಟನ್ನು ತಾನೇ ಬಿಚ್ಚಿದಳು. ಟವರಿನ ಬುಡ ಎತ್ತಿದಾಗ ಅಡಿಯಲ್ಲಿ ಅಮ್ಮನ ಅಡುಗೆಮನೆಯ ಕೆಂಪು ನೆಲ ಹಾಗೇ ಇತ್ತು. ಸಂಜೆಯೊಳಗೆ ಟವರ್ ಪೂರ್ತಿ ಇಳಿದಿತ್ತು. ಇಳಿಸಿದವಳು ಅವಳೇ.